ಎಡಗಣ್ಣು

ದುಡ್ಡು ಬದಲಾದ ವರ್ಷ ಅದು.
ನರೀನ್ ಪಟ್ಟಣದಿಂದ ಹೊಸ ನೋಟು ಬಂದದ್ದೇ
ಬುರುಲ್ಚಾ ಅಜ್ಜಿಯ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಚಿಲ್ಲರೆಯೆಲ್ಲ
ರಾತ್ರಿ ಬೆಳಗಾಗುವುದರಲ್ಲಿ ಸವಕಲಾಯಿತು.
"ಇದಕ್ಕೆ ಉಪ್ಪೂ ಕೊಡೋದಿಲ್ಲವಂತೆ, ತಗೊಳ್ಳಿ, ಆಡಿಕೊಳ್ಳಿ"
ಎಂದು ನಮ್ಮ ಟೊಪ್ಪಿಗೆಗಳಿಗೆ ಸುರಿದಳು.
ಹೀಗೆ ನಾವು ನಾಲ್ವರು, ಹತ್ತು ಹನ್ನೊಂದರ ಪೋರರು,
ಬೆಟ್ಟದ ಮೇಲಿನ ಬೇಸಿಗೆಯ ಹುಲ್ಲುಮಾಳದಲ್ಲಿ
ದಿಢೀರ್ ಸಾಹುಕಾರರಾದೆವು.

ಆಟ ಇಷ್ಟೇ. ನೆಲದ ಮೇಲೊಂದು ನಾಣ್ಯ.
ಕುದುರೆ ನಾಗಾಲೋಟದಲ್ಲಿರಬೇಕು.
ಒಂದು ಕಾಲು ರಿಕಾಪಿನಲ್ಲಿ, ಒಂದು ಜೀನಿಗೆ ಕೊಕ್ಕೆ,
ಬಾವಲಿಯ ಹಾಗೆ ಎಡಕ್ಕೆ ಜೋತು
ಹೆಕ್ಕಬೇಕು.
ಮಣ್ಣು ಬಂದರೆ ಲೆಕ್ಕವಿಲ್ಲ,
ಹುಲ್ಲು ಬಂದರೆ ಕುದುರೆಗೆ.

ಬೇರೆ ಆಟಗಳೂ ಇದ್ದವು. ಟೊಪ್ಪಿಗೆ ಕಸಿಯುವುದು,
ಜೀನಿನ ಮೇಲೇ ಕುಸ್ತಿ ಹಿಡಿದು ಕೆಡವುವುದು,
ಬಟ್ಟಲು ತುಂಬ ಕುಮಿಸ್ ಹಿಡಿದು
ಒಂದು ಹನಿ ಚೆಲ್ಲದೆ ತೊರೆ ದಾಟುವುದು
(ಎರ್ಮೆಕ್ ನಡುನೀರಿನಲ್ಲೇ ಗಟಗಟ ಕುಡಿದು
"ಚೆಲ್ಲಲಿಲ್ಲವಲ್ಲ!" ಎನ್ನುತ್ತಿದ್ದ).
ಆದರೆ ಆ ಬೇಸಿಗೆ ಯಾರಿಗೂ
ದುಡ್ಡು ಬಿಟ್ಟು ಬೇರೆ ಬೇಕಿರಲಿಲ್ಲ.

ಸೈರಾಗುಲ್‌ಳದು ಬೂದುಬಣ್ಣದ ಮುದಿಕುದುರೆ.
ಎಡಗಣ್ಣಲ್ಲಿ ಪೊರೆ, ಮೊಸರಿನ ಹನಿ ಸಿಡಿದಂತೆ.
ಸಂತೆಯಲ್ಲಿ ಮೂರು ಸಲ ಮಾರಾಟಕ್ಕೆ ನಿಂತು
ಮೂರು ಸಲವೂ ಮನೆಗೆ ವಾಪಸಾದದ್ದು.
ನಾವು ನಕ್ಕೆವು.
ನಗುವಾಗಲೇ ಅವಳ ಜೇಬು ಝಣಝಣ.
ಏಳು. ಹನ್ನೆರಡು. ಇಪ್ಪತ್ತು.
ಸಂಜೆ ನಮ್ಮ ಟೊಪ್ಪಿಗೆಯಲ್ಲಿ
ಬರೀ ತಲೆ.

ಮೂರು ವಾರ ಬೇಕಾಯಿತು ಕುಬತ್‌ಗೆ ಗುಟ್ಟು ಹೊಳೆಯಲು.
ಪಕ್ಕೆಯಿಂದ ಏನೋ ಜೋತಾಡಿದರೆ
ತೋಳವೋ ಏನೋ ಎಂದು ಬೆಚ್ಚಿ
ನಮ್ಮ ಕುದುರೆಗಳು ಬಲಕ್ಕೆ ಸರಿಯುತ್ತವೆ,
ನಾಣ್ಯ ಒಂದು ಗೇಣು ದೂರವಾಗುತ್ತದೆ.
ಅವಳದಕ್ಕೆ ಆ ಕಡೆ ಲೋಕವೇ ಇಲ್ಲ.
ಮಾರನೆಯ ದಿನ ಅಪ್ಪನ ಕಾಲುಚೀಲ ಕದ್ದು
ತನ್ನ ಕುದುರೆಯ ಎಡಗಣ್ಣಿಗೆ ಕಟ್ಟಿದ.
ಅದು ಗೂಟದ ಹಾಗೆ ನಿಂತಿತು.
ಆಮೇಲೆ ಓಡಿತು ನೋಡಿ,
ಗುಡಾರದ ಸುತ್ತ ಬುಗುರಿಯಾಗಿ!
ಹಗ್ಗ ಕಿತ್ತು, ಕಂಬಳಿ ಕುಸಿದು,
ನೆಂಟರ ಚಹಾದ ಮೇಲೆ ಆಕಾಶ ಬಿತ್ತು.
ಏಟು ನಾಲ್ವರಿಗೂ ಸಮಪಾಲು.

ಬೆನ್ನುರಿ ಆರಿದ ಮೇಲೆ ನಾನು ಕೇಳಿದೆ:
"ಒಂದೇ ಒಂದು ಸುತ್ತು, ನಿನ್ನದನ್ನು ಕೊಡು."
ಕೊಟ್ಟಳು.
ಓಡಿಸಿದೆ. ಎಡಕ್ಕೆ ಜೋತೆ.
ಕೆಳಗೆ ಹುಲ್ಲಿನ ಹೊಳೆ, ಕಿವಿಯಲ್ಲಿ ಗೊರಸಿನ ನಗಾರಿ,
ಮುಂದೆ ಆ ಬೆಳ್ಳಗಿನ ಕಣ್ಣು.
ಅದು ನನ್ನನ್ನು ನೋಡುತ್ತಿರಲಿಲ್ಲ.
ಬೆಟ್ಟವನ್ನೂ ನೋಡುತ್ತಿರಲಿಲ್ಲ.
ನನ್ನ ಭಾರ ಅದಕ್ಕೆ ಯಾರ ಭಾರವೋ.
ತಟ್ಟನೆ ಬಲಕ್ಕೆ ಹಾರಿತು. ನಾನು ಎಡಕ್ಕೆ.
ಮುಷ್ಟಿ ಬಿಚ್ಚಿದರೆ ಒಂದು ಮುಳ್ಳಿನ ಹೂವು.

ಸೈರಾಗುಲ್ ಲಗಾಮು ಹಿಡಿದು ನಿಂತಿದ್ದಳು.
"ನೀನು ಅದಕ್ಕೆ ಹೇಳಲೇ ಇಲ್ಲ."
"ಏನನ್ನು?"
"ಬಗ್ಗುವ ಮೊದಲು, ಇಲ್ಲೇ ಇದ್ದೇನೆ ಅಂತ.
ಬಗ್ಗಿದ ಮೇಲೆ, ಇಲ್ಲೇ ಇದ್ದೇನೆ ಅಂತ.
ಏಳುವಾಗಲೂ."
ಓಡುತ್ತ ಅವಳು ಗುಣುಗುಣಿಸುತ್ತಿದ್ದುದನ್ನು
ನಾವು ಪ್ರಾರ್ಥನೆ ಎಂದುಕೊಂಡಿದ್ದೆವು,
ಮಾಟ ಎಂದೂ ಎರ್ಮೆಕ್ ಹೇಳಿದ್ದ.

ಮತ್ತೆ ಹತ್ತಿದೆ.
ಹುಡುಗನಾಗಿ ಕುದುರೆಗೆ ಹಾಗೆಲ್ಲ ಹೇಳಲು ನಾಚಿಕೆ;
ಗಾಳಿ ನನ್ನ ಮಾತನ್ನು ಹಿಂದಕ್ಕೆ, ಕುಬತ್‌ನ ಕಡೆಗೇ ಒಯ್ಯುತ್ತಿತ್ತು.
ಇಲ್ಲೇ ಇದ್ದೇನೆ, ಎಂದೆ. ದನಿ ಒಡೆಯಿತು.
ಇಲ್ಲೇ ಇದ್ದೇನೆ.
ಬೂದು ಕಿವಿಯೊಂದು ಹಿಂದಕ್ಕೆ ಹೊರಳಿ
ನನ್ನ ಕಡೆ ನಿಂತಿತು.
ಬೆರಳಿಗೆ ತಣ್ಣಗಿನದೇನೋ ತಗಲಿತು.

ಹದಿನೈದು ಕೊಪೆಕ್.
ಚಿಟಿಕೆ ಉಪ್ಪೂ ಬಾರದ ಹಣ.
ಕಸಿದುಕೊಂಡಾರೆಂದು ದವಡೆಯಲ್ಲಿ ಒತ್ತರಿಸಿ
ಗುಡಾರದವರೆಗೂ ಬಾಯಿ ಬಿಡದೆ ಬಂದೆ.
ಅಜ್ಜಿ ಊಟಕ್ಕೆ ಕರೆದರೂ
ಉತ್ತರ ಕೊಡಲಿಲ್ಲ.